ಮುಯ್ಯಿ ಪುಸ್ತಕ ಮತ್ತು ವೀಸಾ ಕಡತ

ವಲಸೆ ಮತ್ತು ಕುಟುಂಬ ಕುರಿತ ವಿಚಾರ ಸಂಕಿರಣವನ್ನು ಬೆಂಗಳೂರಿನಲ್ಲಿ ಇಡದೆ ದೇವದುರ್ಗ ತಾಲ್ಲೂಕಿನ ಈ ಜಾಲಹಳ್ಳಿಯಲ್ಲಿ ಇಟ್ಟಿದ್ದಕ್ಕೆ ಸಂಘಟಕರಿಗೆ ಮೊದಲು ಶರಣು.

ವಲಸೆ ಎಂದಕೂಡಲೇ ಈ ಸೀಮೆಯವರಿಗೆ ಗುಳೆ ನೆನಪಾಗುತ್ತದೆ. ದೇವದುರ್ಗದ ಗುಳೆಯ ಮೇಲೆ ಮನಸ್ಸಿಟ್ಟು ಕೆಲಸ ಮಾಡಿದ ಇಬ್ಬರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಆ ಮಾತು ಅವರೇ ಆಡಲಿ. ಕೊಲ್ಲಿ ದೇಶಗಳ ಬಗ್ಗೆ ಮಧ್ಯಾಹ್ನ ಪ್ರಬಂಧವಿದೆ. ನನ್ನ ತಕರಾರು ಬೇರೆ. ನಮ್ಮ ವಲಸೆ ಅಧ್ಯಯನ ಹೋದವರನ್ನು ಎಣಿಸಿತು, ಅವರು ಕಳಿಸಿದ ರೊಕ್ಕ ಎಣಿಸಿತು. ಲಗ್ನದ ಕಾರಣಕ್ಕೆ ಗಡಿ ದಾಟಬೇಕಾದವರನ್ನು ಮಾತ್ರ ವಕೀಲರಿಗೂ ಏಜೆಂಟರಿಗೂ ಬಿಟ್ಟುಕೊಟ್ಟಿತು. ಗಂಡನನ್ನೋ ಹೆಂಡತಿಯನ್ನೋ ಕೂಡಿಕೊಳ್ಳಲು ಬೇಕಾದ ವೀಸಾ ಬರೀ ಅರ್ಜಿ ತುಂಬುವ ಕೆಲಸ ಎಂದು ತಿಳಿದದ್ದೇ ನಾವು ದಾರಿ ತಪ್ಪಿದ ಜಾಗ. ಇದನ್ನು ನಾನು ಬಹಳ ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಇವರಿಬ್ಬರೂ ಗಂಡ ಹೆಂಡತಿ ಎಂದು ಹೇಳುವ ಅಧಿಕಾರ ಯಾರದು? ಆ ಅರ್ಜಿಯೊಳಗೆ ಇರುವುದು ಈ ಪ್ರಶ್ನೆ.

1913ರ ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತ್ಯದ ನ್ಯಾಯಮೂರ್ತಿ ಸರ್ಲ್ ಅವರ ಮುಂದಿದ್ದದ್ದೂ ಇದೇ ಪ್ರಶ್ನೆ. ಗಂಡನನ್ನು ಕೂಡಿಕೊಳ್ಳಲು ಭಾರತದಿಂದ ಬಂದ ಬಾಯಿ ಮರಿಯಂ ಅವರನ್ನು ದೇಶದೊಳಗೆ ಬಿಟ್ಟಿರಲಿಲ್ಲ. ಬಹುಪತ್ನಿತ್ವಕ್ಕೆ ಅವಕಾಶವಿರುವ ಧರ್ಮದ ವಿಧಿಯಂತೆ ನಡೆದ ಮದುವೆಗೆ ಅಲ್ಲಿನ ಕಾನೂನಿನಲ್ಲಿ ಮಾನ್ಯತೆ ಇಲ್ಲ ಎಂದು ತೀರ್ಪಾಯಿತು. ಆ ಒಂದು ತೀರ್ಪಿಗೆ ಅಲ್ಲಿದ್ದ ಹಿಂದೂ, ಮುಸ್ಲಿಂ ಹೆಣ್ಣುಮಕ್ಕಳೆಲ್ಲರ ಸ್ಥಾನ ಅಲುಗಾಡಿತು. ಕಸ್ತೂರಬಾ ಸತ್ಯಾಗ್ರಹಕ್ಕೆ ಇಳಿದು ಮೂರು ತಿಂಗಳ ಕಠಿಣ ಸಜೆ ಅನುಭವಿಸಿದ್ದು ಇದರ ಬೆನ್ನಿಗೇ. 1914ರ ಇಂಡಿಯನ್ ರಿಲೀಫ್ ಆಕ್ಟ್ ಒಬ್ಬ ಹೆಂಡತಿಯ ಮಟ್ಟಿಗೆ ಇಂಥ ಮದುವೆಗಳನ್ನು ಒಪ್ಪಿತು. ಅದೇ ಹೋರಾಟಕ್ಕೆ ಕಾರಣವಾದ, ಅಲ್ಲಿನ ಭಾರತೀಯರ ಮೇಲಿದ್ದ ಮೂರು ಪೌಂಡ್ ತೆರಿಗೆಯ ಪಾಠ ನಾವು ಮಾಡುತ್ತೇವೆ. ತಡೆದು ನಿಲ್ಲಿಸಿದ ಆ ಹೆಂಡತಿಯ ಪಾಠವನ್ನೂ ಮಾಡಬೇಕು.

ಬ್ರಿಟನ್ 1980ರಲ್ಲಿ ಇನ್ನೊಂದು ನಿಯಮ ತಂದಿತು. ಹೊರಗಿನಿಂದ ಬರುವ ಗಂಡನ ಮದುವೆಯ ಮುಖ್ಯ ಉದ್ದೇಶ ಅಲ್ಲಿ ನೆಲೆಸುವುದೇ ಆಗಿರಬಾರದು; ಹಾಗಲ್ಲ ಎಂದು ಅವನೇ ಸಾಬೀತು ಮಾಡಬೇಕು ಎಂದು 1983ರಲ್ಲಿ ಅದನ್ನು ಬಿಗಿಗೊಳಿಸಿತು. ಹಿರಿಯರು ಕೂಡಿಸಿದ ಲಗ್ನದಲ್ಲಿ ಅದನ್ನು ತೋರಿಸುವುದು ಹೇಗೆ? ಸಂಬಂಧ ನೋಡುವವರು ನೌಕರಿ, ಊರು, ಹೊಲ ಎಲ್ಲ ನೋಡಿಯೇ ನೋಡುತ್ತಾರೆ. ಹೆಂಡತಿಯನ್ನು ಕರೆಸಿಕೊಳ್ಳುವ ಗಂಡಸಿಗೆ ಒಂದು, ಗಂಡನನ್ನು ಕರೆಸಿಕೊಳ್ಳುವ ಹೆಂಗಸಿಗೆ ಇನ್ನೊಂದು ನಿಯಮ ಸಲ್ಲದು ಎಂದು 1985ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿದಾಗ, ಬ್ರಿಟನ್ ಹೆಂಡತಿಯರ ದಾರಿಗೂ ಅದೇ ಅಡ್ಡಿ ಹಾಕಿತು. ಆ ನಿಯಮ ಹೋದದ್ದು 1997ರಲ್ಲಿ.

ಈಗ ನಮ್ಮ ಕಡೆಗೆ ಬರೋಣ. ಈ ಭಾಗದ ಒಂದು ಮನೆಯಲ್ಲಿ ಅಮೆರಿಕದ ವೀಸಾಕ್ಕೆ ಕಾಗದ ಜೋಡಿಸುವುದನ್ನು ಕೂತು ನೋಡಿದ್ದೇನೆ. ಹುಡುಗಿಯ ಜನ್ಮದಿನ ಶಾಲೆಯ ದಾಖಲೆಯಲ್ಲಿ ಜೂನ್ 1; ಆಗಿನ ಮಾಸ್ತರರು ಎಷ್ಟೋ ಮಕ್ಕಳಿಗೆ ಅದೇ ತಾರೀಖು ಬರೆದಿದ್ದಾರೆ. ಜನನ ನೋಂದಣಿ ಆಗಿರಲಿಲ್ಲ, ಹಾಗಾಗಿ ನೋಂದಣಿ ಇಲ್ಲವೆಂಬ ಪತ್ರ, ಅದರ ಮೇಲೆ ಹಿರಿಯರ ಅಫಿಡವಿಟ್. ಮದುವೆ ನೋಂದಣಿ ಮಾಡಿಸಿದ್ದೂ ವೀಸಾ ಸಲುವಾಗಿಯೇ. ರಜೆ ಮುಗಿಸಿ ಹುಡುಗ ಲಗ್ನವಾದ ಕೆಲವೇ ದಿನಕ್ಕೆ ಹೊರಟುಹೋಗಿದ್ದ. ಇಬ್ಬರೂ ಜೊತೆಗಿರುವ ಫೋಟೊ ಸಾಲದು ಎಂದು ಏಜೆಂಟ್ ಹೇಳಿದ. ಆಗ ಅಜ್ಜಿ ಒಳಗಿನಿಂದ, ಲಗ್ನಕ್ಕೆ ಬಂದವರ ಉಡುಗೊರೆ ಬರೆದಿಟ್ಟ ಮುಯ್ಯಿ ಪುಸ್ತಕ ತಂದು ಮುಂದಿಟ್ಟರು. ಮೊದಲ ಪುಟಕ್ಕೆ ಅರಿಶಿನ ಕುಂಕುಮ. ಒಳಗೆ ಹೆಸರು, ಊರು, ಹಾಕಿದ ರೊಕ್ಕ. ಅಲ್ಲಲ್ಲಿ ತಾಮ್ರದ ಕೊಡ, ಕುಬಸದ ಖಣ. “ಇಷ್ಟು ಮಂದಿ ಕಣ್ಣಾರೆ ನೋಡ್ಯಾರಲ್ರೀ, ಇದನ್ನ ಕಳಸ್ರಿ” ಎಂದರು. ಏಜೆಂಟ್ ಅದನ್ನು ಪಕ್ಕಕ್ಕೆ ಸರಿಸಿದ.

ಅಜ್ಜಿಯ ಮಾತಿನಲ್ಲಿ ಕಾನೂನಿತ್ತು. ಇಬ್ಬರ ಸಂಬಂಧವನ್ನು ಹತ್ತಿರದಿಂದ ಬಲ್ಲವರು ತಮ್ಮ ನಡವಳಿಕೆಯಲ್ಲಿ ತೋರುವ ಅಭಿಪ್ರಾಯವನ್ನು 1872ರ ಸಾಕ್ಷ್ಯ ಕಾಯ್ದೆಯ 50ನೇ ಕಲಂ ಒಪ್ಪಿತ್ತು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದು ಉಳಿದಿದೆ. ಐವತ್ತು ವರ್ಷ ಜೊತೆಗೆ ಬಾಳಿದವರ ವಿಷಯದಲ್ಲಿ ಮದುವೆ ನಡೆದಿದೆ ಎಂದೇ ಕೋರ್ಟು ಭಾವಿಸಬೇಕು ಎಂದು 1978ರ ಬದ್ರಿ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದೇ ಕೋರ್ಟ್ 2006ರಲ್ಲಿ ಸೀಮಾ ಪ್ರಕರಣದಲ್ಲಿ ನೋಂದಣಿ ಕಡ್ಡಾಯವಾಗಲಿ ಎಂದದ್ದೂ ಸರಿ. ನೋಂದಣಿಗೆ ನನ್ನ ವಿರೋಧವಿಲ್ಲ. ಆದರೆ ಊರೆಲ್ಲ ಕಂಡ ಲಗ್ನ ವಕೀಲರ ನಮೂನೆಯ ಭಾಷೆಯಲ್ಲಿ ಇಬ್ಬರ ಅಫಿಡವಿಟ್ ಆಗಿ ಉಳಿದಾಗ ಏನೇನು ಬಿದ್ದುಹೋಗುತ್ತದೆ ಎಂಬುದನ್ನು ನಾವು ಅಧ್ಯಯನ ಮಾಡಬೇಕಿತ್ತು.

ಸುಳ್ಳು ಮದುವೆಗಳು ಇಲ್ಲವೇ ಎಂದು ಕೇಳುವಿರಿ. ಇವೆ. ಅದಕ್ಕೇ ಅಮೆರಿಕ 1986ರಲ್ಲಿ ಕಾನೂನು ಮಾಡಿ, ಮದುವೆಯಾಗಿ ಎರಡು ವರ್ಷ ತುಂಬದೆ ಬಂದವರಿಗೆ ಷರತ್ತಿನ ಗ್ರೀನ್ ಕಾರ್ಡ್ ಕೊಡತೊಡಗಿತು. ಷರತ್ತು ತೆಗೆಸಲು ಗಂಡ ಹೆಂಡತಿ ಕೂಡಿ ಅರ್ಜಿ ಹಾಕಬೇಕು. ಹೊಡೆಯುವ ಗಂಡನ ಸಹಿಗೆ ಕಾಯುವ ಹೆಂಡತಿಗೆ ಬೇರೆ ದಾರಿ ಮಾಡಿಕೊಟ್ಟದ್ದು 1990ರ ಕಾನೂನು. ಮದುವೆ ನಿಜವೇ ಎಂದು ಶೋಧಿಸುವ ಕಣ್ಣಿಗೆ, ಆ ನಿಜವಾದ ಮದುವೆಯಲ್ಲಿ ಹೆಣ್ಣುಮಗಳು ಹೇಗಿದ್ದಾಳೆ ಎಂಬುದು ಮೊದಲಿಗೆ ಕಂಡಿರಲೇ ಇಲ್ಲ.

ಹಾಗಾದರೆ ಮುಯ್ಯಿ ಪುಸ್ತಕವನ್ನೇ ನಂಬೋಣವೇ? ಇಲ್ಲೇ ನನಗೆ ಉತ್ತರ ಸಿಗುವುದಿಲ್ಲ. ಜಾತಿ ಮೀರಿ ಲಗ್ನವಾದವರಿಗೆ ಮುಯ್ಯಿ ಹಾಕುವವರು ಯಾರು? ಓಣಿಯವರು ಬಾಗಿಲು ಮುಚ್ಚಿಕೊಂಡಾಗ 1954ರ ವಿಶೇಷ ವಿವಾಹ ಕಾಯ್ದೆಯ ಪ್ರಮಾಣಪತ್ರವೇ ಅವರ ಆಸರೆ. ವಿದೇಶದ ಹುಡುಗಿಯನ್ನು ಲಗ್ನವಾಗಿ ಇಲ್ಲಿಗೆ ಕರೆತರುವವನಿಗೂ ನೋಂದಣಿಯ ಕಾಗದ ಬೇಕು; ಆಕೆ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿಗೆ ಅರ್ಜಿ ಹಾಕುವ ಹೊತ್ತಿಗೆ ಮದುವೆ ನೋಂದಣಿಯಾಗಿ ಎರಡು ವರ್ಷ ಉಳಿದಿರಬೇಕು.

ಇಲ್ಲಿರುವ ಸಮಾಜಶಾಸ್ತ್ರ ಮತ್ತು ಕಾನೂನು ವಿದ್ಯಾರ್ಥಿಗಳಿಗೆ ಒಂದು ಬೇಡಿಕೆ. ಈ ತಾಲ್ಲೂಕಿನ ಮನೆಗಳಲ್ಲಿರುವ ಮುಯ್ಯಿ ಪುಸ್ತಕಗಳನ್ನು ಮನೆಯವರ ಒಪ್ಪಿಗೆ ಪಡೆದು ದಾಖಲಿಸಿರಿ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದ ಲಗ್ನಗಳ ಪಕ್ಕಕ್ಕಿಟ್ಟು ನೋಡಿರಿ. ಎರಡರಲ್ಲೂ ಇರುವವರು ಯಾರು, ಒಂದರಲ್ಲಷ್ಟೇ ಇರುವವರು ಯಾರು, ಎರಡರಲ್ಲೂ ಇಲ್ಲದವರು ಯಾರು? ವಕೀಲ ಮಿತ್ರರು ಮಧ್ಯಾಹ್ನದ ಗೋಷ್ಠಿಯಲ್ಲಿ ಈ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳಲಿ. ನಾನು ಸಂಜೆಯವರೆಗೂ ಇರುತ್ತೇನೆ.