ಹಕ್ಕಿಗಳಿಗೆ ಜಾಗ ಬಿಟ್ಟ ಸಂಗೀತ

ಫಿನ್‌ಲೆಂಡಿನ ಸಂಗೀತ ರಚನಕಾರ ಐನೊಯುಹಾನಿ ರೌತವಾರ 1972ರಲ್ಲಿ ‘ಕಾಂಟುಸ್ ಆರ್ಕ್ಟಿಕುಸ್’ ಕೃತಿ ರಚಿಸಿದರು. ಅದರಲ್ಲಿ ಹಾಡುವವರು ಉತ್ತರದ ಜೌಗುನೆಲದಲ್ಲಿ ಧ್ವನಿಮುದ್ರಿಸಿಕೊಂಡ ಹಕ್ಕಿಗಳು. ಟೇಪು ಹಾಕಿದರೆ ಸಂಗೀತವಾದೀತೇ ಎಂದು ಯಾರಾದರೂ ಕೇಳಬಹುದು. ಕೃತಿಯನ್ನೇ ಗಮನಿಸೋಣ. ಮೊದಲು ಎರಡು ಕೊಳಲುಗಳು ನುಡಿಯುತ್ತವೆ, ಆಮೇಲೆ ಹಕ್ಕಿಗಳು ಸೇರುತ್ತವೆ; ವಾದ್ಯವೃಂದ ಅವುಗಳ ದನಿಯನ್ನು ಅಡಗಿಸದೆ ಜೊತೆಗೂಡುತ್ತದೆ. ಈ ಹೊಂದಾಣಿಕೆಯೇ ರಚನಕಾರನ ಕೆಲಸ. ಎರಡನೆಯ ಭಾಗದಲ್ಲಿ ಲಾರ್ಕ್ ಜಾತಿಯ ಪುಟ್ಟ ಹಕ್ಕಿಯ ಕೂಗನ್ನು ಅವರು ನಿಧಾನಗೊಳಿಸಿ ಎರಡು ಸ್ಥಾಯಿ ಕೆಳಗಿಳಿಸಿದರು. ಇದು ಪ್ರಕೃತಿಯನ್ನು ತಿದ್ದಿದಂತಲ್ಲವೇ? ತಿದ್ದಿದ್ದು ನಿಜ, ಆದರೆ ವೇಗದಲ್ಲಿ ನಮ್ಮ ಕಿವಿಗೆ ಸಿಗದಿದ್ದ ಏರಿಳಿತಗಳು ಹಾಗೆ ಸಿಕ್ಕವು.

ಇನ್ನೊಂದು ದನಿಗೆ ಜಾಗ ಮಾಡಿಕೊಡುವುದೂ ಸೃಷ್ಟಿಯೇ. ಮನೆಯಲ್ಲಿ, ಸಭೆಯಲ್ಲಿ ಮೊದಲು ಕೇಳಿಸಿಕೊಂಡು ಆಮೇಲೆ ಆಡಿದ ಮಾತಿಗೆ ತೂಕ ಹೆಚ್ಚು. ಇಂದು ಆ ಅಭ್ಯಾಸ ಶುರುಮಾಡೋಣ.