ಬ್ಯಾಟರಿ ಸಾಲ ಕೊಡುವ ಮುಂಚೆ
(ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ದೋಣಿಗೆ ಬ್ಯಾಟರಿ ಬೇಕೆಂದಾಗ ಸಂಘದಿಂದ ಸಾಲ ತೆಗೆಯುವವರು ನಾವು, ಕಂತು ಕಟ್ಟುವವರೂ ನಾವೇ. ಆದರೆ ‘ಯಾವ ಬ್ಯಾಟರಿ?’ ಅಂತ ನಾವು ಕೇಳುವುದಿಲ್ಲ. ಕಡಲಿನ ಮಧ್ಯೆ ಮೋಟಾರು ಸ್ಟಾರ್ಟ್ ಆಗದಿದ್ದರೆ ಹೋಗುವುದು ಹಣ ಮಾತ್ರವಲ್ಲ, ಮನೆಯವರ ಜೀವಕ್ಕೇ ಅಪಾಯ.

ಹಗ್ಗ ಎಳೆದು ಸ್ಟಾರ್ಟ್ ಮಾಡುವ ಸಣ್ಣ ಮೋಟಾರಿಗೆ ಬ್ಯಾಟರಿ ಬೇಕಿಲ್ಲ. ಸೆಲ್ಫ್ ಸ್ಟಾರ್ಟ್ ಇದ್ದರೆ ಸ್ಟಾರ್ಟಿಂಗ್ ಬ್ಯಾಟರಿಯೇ ಬೇಕು. ಅದರೊಳಗೆ ತೆಳು ಪ್ಲೇಟುಗಳು ಹೆಚ್ಚು. ಕೆಲವೇ ಸೆಕೆಂಡು ಜೋರಾದ ಕರೆಂಟು ಕೊಡುತ್ತದೆ. ಇನ್ವರ್ಟರಿನ ಬ್ಯಾಟರಿಯಲ್ಲಿ ಪ್ಲೇಟು ದಪ್ಪ. ನಿಧಾನವಾಗಿ ತುಂಬಾ ಹೊತ್ತು ಕೊಡುತ್ತದೆ. ಒಲೆಯಲ್ಲಿ ತೆಂಗಿನ ಗರಿ ಭಗ್ಗನೆ ಉರಿದ ಹಾಗೆ ಮೊದಲನೆಯದು, ಮರದ ಕೊರಡು ಉರಿದ ಹಾಗೆ ಎರಡನೆಯದು. ಎರಡರ ಮೇಲೂ 12 ವೋಲ್ಟ್ ಅಂತಲೇ ಬರೆದಿರುತ್ತದೆ, ಅಷ್ಟಕ್ಕೇ ನಂಬಬೇಡಿ. ಸ್ಟಾರ್ಟಿಂಗ್ ಶಕ್ತಿ ತೋರಿಸುವ ‘ಸಿಸಿಎ’ ಸಂಖ್ಯೆ ಮೋಟಾರಿನ ಪುಸ್ತಕದಲ್ಲಿ ಹೇಳಿದಷ್ಟಾದರೂ ಇರಬೇಕು.

ಬಲೆ ಹಾಕಿ ಕಾಯುವಾಗ ಇದೇ ಬ್ಯಾಟರಿಯಿಂದ ದೀಪ ಉರಿಸಿದರೆ ಹಿಂದೆ ಬರುವಾಗ ಮೋಟಾರು ಏಳುವುದಿಲ್ಲ. ದೀಪಕ್ಕೆ ಬೇರೆಯೇ ಬ್ಯಾಟರಿ ಇರಲಿ.

ಜೂನ್ 1ರಿಂದ 61 ದಿನದ ಮಳೆಗಾಲದ ನಿಷೇಧದಲ್ಲಿ ದೋಣಿ ದಡದಲ್ಲಿದ್ದರೆ ಬ್ಯಾಟರಿ ಕಳಚಿ ತಂದು, ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿ. ಖಾಲಿಯಾಗಿ ಬಿಟ್ಟರೆ ಪ್ಲೇಟು ಕೆಟ್ಟು ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಚಾರ್ಜ್ ಆಗುವಾಗ ಗಾಳಿಯಾಡುವ ಜಾಗದಲ್ಲಿಡಿ. ಒಲೆ, ಬೀಡಿ ಹತ್ತಿರ ಬೇಡ, ಅದರಿಂದ ಬರುವ ಗ್ಯಾಸು ಸಿಡಿಯುತ್ತದೆ.

ಇನ್ನು ಮುಂದೆ ಬ್ಯಾಟರಿ ಸಾಲದ ಅರ್ಜಿ ಬಂದರೆ ಮೂರು ಪ್ರಶ್ನೆ ಕೇಳೋಣ: ಯಾವ ಜಾತಿಯದು? ಸಿಸಿಎ ಎಷ್ಟು? ಬಿಲ್ಲು, ಗ್ಯಾರಂಟಿ ಕಾರ್ಡು ಸಿಗುತ್ತದಾ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆದೇ ಸಹಿ ಹಾಕೋಣ.