ಮನೆಮಾತು ಆ ಮಗುವಿಗೂ ಬೇಕು

(ಸಂಘದ ಕುಟುಂಬ ಸಮ್ಮೇಳನದಲ್ಲಿ ಮಾಡಿದ ಭಾಷಣ)



ಕನ್ನಡದ ಹಿರಿಮೆಯನ್ನು ಕುರಿತು ನಮಗಿಂತ ಚೆನ್ನಾಗಿ ಮಾತನಾಡಬಲ್ಲವರು ಈ ಸಭೆಯಲ್ಲಿ ಹಲವರಿದ್ದಾರೆ. ನಾವು ದಂಪತಿಗಳು ಹೇಳಹೊರಟಿರುವುದು ಈ ಮುಂಬಯಿಯ ನಮ್ಮ ಮನೆಗಳ ಒಳಗಿನ ಒಂದು ಸಂಗತಿಯನ್ನು. ಆಟಿಸಂ ಅಥವಾ ಎಡಿಎಚ್‌ಡಿ ಇರುವ ಮಗುವಿನೊಡನೆ ಹೆತ್ತವರು ಯಾವ ಭಾಷೆಯಲ್ಲಿ ಮಾತನಾಡಬೇಕು ಎಂಬುದೇ ಆ ಸಂಗತಿ.

ನಮ್ಮ ಎಂಟು ವರ್ಷದ ಮಗನಿಗೆ ಆಟಿಸಂ ಉಂಟು. ಮೂರು ತುಂಬಿದರೂ ಮಾತು ಬಾರದಿದ್ದಾಗ ನಮಗೆ ದೊರೆತ ಮೊದಲ ಸಲಹೆ, "ಮನೆಯಲ್ಲಿ ಕನ್ನಡ ಬಿಡಿ, ಇಂಗ್ಲಿಷ್ ಒಂದೇ ಇರಲಿ" ಎಂಬುದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು; ಇಷ್ಟರ ನಡುವೆ ಮಗು ಗೊಂದಲಕ್ಕೆ ಬಿದ್ದಿತೆಂದು ಹೇಳುವುದು ಸುಲಭ. ಇಲ್ಲಿ ಕುಳಿತಿರುವ ಬೇರೆ ತಾಯಿತಂದೆಗಳಿಗೂ ಈ ಸಲಹೆ ಬಂದಿರಬಹುದು.

ಆದರೆ ಪರೀಕ್ಷಿಸಿ ನೋಡಿದವರ ಮಾತು ಬೇರೆ. ಕೆನಡಾ ದೇಶದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎರಡು ಭಾಷೆ ಕೇಳಿ ಬೆಳೆದ ಆಟಿಸಂ ಮಕ್ಕಳನ್ನು ಒಂದೇ ಭಾಷೆ ಕೇಳಿ ಬೆಳೆದ ಅಂಥವೇ ಮಕ್ಕಳೊಡನೆ ಹೋಲಿಸಿದರು. ಎರಡನೆಯ ಭಾಷೆಯಿಂದ ಮಾತು ಇನ್ನಷ್ಟು ತಡವಾದುದು ಕಂಡುಬರಲಿಲ್ಲ. ಅನಂತರದ ಅಧ್ಯಯನಗಳೂ ಬಹುಮಟ್ಟಿಗೆ ಇದನ್ನೇ ಹೇಳಿವೆ. ಆಟಿಸಂ ಆಗಲಿ ಎಡಿಎಚ್‌ಡಿ ಆಗಲಿ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದವು. ಅವುಗಳಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು. ಮನೆಯಲ್ಲಿ ಆಡುವ ಕನ್ನಡ ಅದಕ್ಕೆ ಕಾರಣವಲ್ಲ.

ಹೆತ್ತ ತಾಯಿಯೂ ಕಾರಣಳಲ್ಲ. ಲಿಯೊ ಕ್ಯಾನರ್ ಎಂಬ ವೈದ್ಯರು 1943ರಲ್ಲಿ ಆಟಿಸಮ್ಮನ್ನು ವರ್ಣಿಸಿದ ಮೇಲೆ, ತಾಯಿಯ ಪ್ರೀತಿ ಸಾಲದೆ ಮಗು ಹೀಗಾಯಿತೆಂದು ಬಹುಕಾಲ ಪಂಡಿತರೇ ನಂಬಿದ್ದರು. ಅಂಥ ಮಗನೊಬ್ಬನ ತಂದೆಯೇ ಆಗಿದ್ದ ಬರ್ನಾರ್ಡ್ ರಿಮ್ಲೆಂಡ್ 1964ರಲ್ಲಿ ಪುಸ್ತಕ ಬರೆದು ಆ ನಂಬಿಕೆಯನ್ನು ಅಲ್ಲಗಳೆದರು. ಆದರೂ "ತಾಯಿ ನೌಕರಿಗೆ ಹೋಗುತ್ತಾಳೆ, ಅದಕ್ಕೇ ಹೀಗೆ" ಎಂಬ ಮಾತು ಇಂದೂ ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ಕಿವಿಗೆ ಬೀಳುತ್ತದೆ.

ಮನೆಮಾತನ್ನು ಬಿಟ್ಟರೆ ಆಗುವ ನಷ್ಟವನ್ನು ಲೆಕ್ಕ ಹಾಕೋಣ. ನಮ್ಮ ಮನೆಯ ಅಜ್ಜಿ ಹಾಸನದ ಕಡೆಯವರು. ಅವರಿಗೆ ಕನ್ನಡವಲ್ಲದೆ ಬೇರೆ ಬಾರದು. ಮನೆಯೆಲ್ಲ ಇಂಗ್ಲಿಷಾದರೆ ಆ ಅಜ್ಜಿ ಮನೆಯಲ್ಲಿದ್ದೂ ಮಗುವಿಗೆ ಇಲ್ಲದಂತೆಯೇ. ನಮ್ಮ ಮಟ್ಟಿಗೂ ಅಷ್ಟೇ. ಇಂಗ್ಲಿಷಿನಲ್ಲಿ ನಾವು ಮಗುವಿಗೆ "ಕಮ್, ಸಿಟ್, ಈಟ್" ಎಂದು ಅಪ್ಪಣೆ ಮಾಡಬಲ್ಲೆವು. ರಮಿಸಿ ಊಟ ಮಾಡಿಸುವುದು, ಹಾಡಿ ಮಲಗಿಸುವುದು ಕನ್ನಡದಲ್ಲೇ ಬರುತ್ತದೆ. ಮಾತು ಕಡಿಮೆಯಿರುವ ಮಗುವಿಗೆ ಕಿವಿಗೆ ಬೀಳುವ ಮಾತನ್ನೂ ಕಡಿಮೆ ಮಾಡುವುದು ಯಾವ ನ್ಯಾಯ? ಆದುದರಿಂದ ನಾವು ಕನ್ನಡವನ್ನು ಬಿಡಲಿಲ್ಲ. ಶಾಲೆಯ ಇಂಗ್ಲಿಷ್ ಶಾಲೆಯಲ್ಲಿ ಇದ್ದೇ ಇದೆ.

ನಮ್ಮ ಹುಡುಗ ಬಾಯಾರಿದಾಗ "ನೀರು ಬೇಕಾ ಪುಟ್ಟಾ?" ಎನ್ನುತ್ತಾನೆ. ನಾವು ಕೇಳಿದ ಮಾತನ್ನೇ ನಮಗೆ ಒಪ್ಪಿಸುತ್ತಾನೆ. ಇದು ಅಣಕವೂ ಅಲ್ಲ, ಬರಿಯ ಗಿಳಿಪಾಠವೂ ಅಲ್ಲ. ಅವನು ಕೇಳುತ್ತಿರುವ ಬಗೆಯೇ ಅದು. ಆಗ ಅವನು ಆಡಬೇಕಾದ ಮಾತನ್ನು, "ನೀರು ಬೇಕು" ಎಂದು, ಅವನ ಪರವಾಗಿ ಮೆಲ್ಲನೆ ಆಡಿ ಲೋಟ ಕೈಗೆ ಕೊಡಬೇಕು. ದಿನಕ್ಕೆ ಹತ್ತು ಸಲ ಬೇಸರಿಸದೆ ಇದನ್ನು ಮಾಡುವವರು ಅಜ್ಜಿ. ಚಿತ್ರ ತೋರಿಸಿ, ಕೈಸನ್ನೆ ಮಾಡಿ ಕೇಳುವುದನ್ನೂ ಕಲಿಸಬಹುದು; ಅದರಿಂದ ಮಾತು ಹಿಂದೆ ಬೀಳುವುದಿಲ್ಲ.

ಎಡಿಎಚ್‌ಡಿ ಇರುವ ಮಗುವಿನ ರೀತಿ ಬೇರೆ. "ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಪುಸ್ತಕ ತೆಗೆದುಕೊಂಡು ಬಾ" ಎಂದರೆ ಬಚ್ಚಲಿಗೆ ಹೋಗುವಷ್ಟರಲ್ಲಿ ಉಳಿದೆರಡು ಮರೆತಿರುತ್ತದೆ. ಅದನ್ನು ಹಟವೆಂದು ಹೊಡೆದು ಫಲವಿಲ್ಲ. ಹತ್ತಿರ ಹೋಗಿ, ಹೆಸರು ಹಿಡಿದು ಕರೆದು, ಒಂದೇ ಕೆಲಸ ಹೇಳಬೇಕು; ಅದು ಮುಗಿದೊಡನೆ ಮೆಚ್ಚಬೇಕು; ಆಮೇಲೆ ಎರಡನೆಯದು. ಇದಕ್ಕೂ ಮನೆಮಾತಿನಷ್ಟು ಒದಗುವುದು ಬೇರೊಂದಿಲ್ಲ.

ತುಂಟತನವೆಲ್ಲ ಎಡಿಎಚ್‌ಡಿ ಅಲ್ಲ. ಮಾತು ತಡವಾದುದೆಲ್ಲ ಆಟಿಸಮ್ಮೂ ಅಲ್ಲ. ಹೆಸರು ಕರೆದರೆ ತಿರುಗದ, ಬೆರಳು ಮಾಡಿ ತೋರಿಸದ ಎಳೆಯ ಮಗುವನ್ನು "ಅವರಪ್ಪನೂ ತಡವಾಗಿಯೇ ಮಾತಾಡಿದ್ದು" ಎಂದು ಕಾಯುತ್ತ ಕೂರಬಾರದು. ಮೊದಲು ಕಿವಿಯ ಪರೀಕ್ಷೆ ಮಾಡಿಸಿ, ತಜ್ಞರಿಗೆ ತೋರಿಸತಕ್ಕದ್ದು. ಬೇಸಗೆಯಲ್ಲಿ ಊರಿಗೆ ಹೋಗುವವರಿಗೆ ಒಂದು ಅನುಕೂಲವಿದೆ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮೈಸೂರಿನಲ್ಲೇ ಇದೆ. ಅಲ್ಲಿ ಮಗುವಿನ ಮಾತನ್ನು ಕನ್ನಡದಲ್ಲೇ ಪರೀಕ್ಷಿಸಬಲ್ಲವರು ಸಿಗುತ್ತಾರೆ.

ಕಡೆಯದಾಗಿ ಸಂಘದಲ್ಲಿ ಮೂರು ವಿನಂತಿಗಳು. ನಮ್ಮ ಕನ್ನಡ ತರಗತಿಗೆ ಈ ಮಕ್ಕಳನ್ನೂ ಸೇರಿಸಿಕೊಳ್ಳಿ. ಬರೆಯದಿದ್ದರೆ ಬೇಡ, ಕೇಳುತ್ತ ಕುಳಿತಿರಲಿ. ಉತ್ಸವದ ದಿನ ಧ್ವನಿವರ್ಧಕದಿಂದ ದೂರವಾದ ಒಂದು ಕೋಣೆಯನ್ನು ತೆರೆದಿಡಿ. ಗದ್ದಲ ತಡೆಯಲಾರದೆ ಕಿವಿ ಮುಚ್ಚಿಕೊಳ್ಳುವ ಮಗು ಅಲ್ಲಿ ಕೊಂಚ ಹೊತ್ತು ಇದ್ದು ಮರಳಿ ಬಂದೀತು. ಮೂರನೆಯದಕ್ಕೆ ಹಣ ಬೇಡ, ಸ್ಥಳವೂ ಬೇಡ. ಅಂಥ ಮಗು ಎದುರಾದಾಗ ಕನ್ನಡದಲ್ಲೇ ಮಾತನಾಡಿಸಿ, ಮನಸ್ಸಿನಲ್ಲಿ ಹತ್ತು ಎಣಿಸುವಷ್ಟು ಹೊತ್ತು ಉತ್ತರಕ್ಕಾಗಿ ಕಾಯಿರಿ. ಉತ್ತರ ಬಾರದಿದ್ದರೂ ಮುಂದಿನ ಸಲ ಮತ್ತೆ ಮಾತನಾಡಿಸಿ.